‘ಕೊಳೆತ’ ಗೊಬ್ಬರವೋ, ‘ಕಳಿತ’ ಗೊಬ್ಬರವೋ?

ಪ್ರಶ್ನೆ: ಮಂಡ್ಯದ ಕಬ್ಬು ಬೆಳೆಗಾರರಿಗಾಗಿ ಕಾಂಪೋಸ್ಟ್ ಬಗ್ಗೆ ಒಂದು ಕೈಪಿಡಿ ತಿದ್ದುತ್ತಿದ್ದೇನೆ. ಕರಡಿನಲ್ಲಿ ‘ಕೊಳೆತ ಗೊಬ್ಬರ’, ‘ಕಳಿತ ಗೊಬ್ಬರ’, ‘ಕಳೆತ ಗೊಬ್ಬರ’ ಮೂರೂ ಇವೆ. ಕಾಂಪೋಸ್ಟಿಗೆ ‘ಮಿಶ್ರಗೊಬ್ಬರ’ ಎಂದೂ ಬರೆದಿದ್ದಾರೆ. ಯಾವುದನ್ನು ಉಳಿಸಲಿ?

ಉತ್ತರ: ‘ಕಳೆತ’ ಬರೀ ಅಚ್ಚಿನ ತಪ್ಪು, ಹೊಡೆದುಹಾಕಿ. ಗೊಬ್ಬರದ ಪಕ್ಕದಲ್ಲಿ ‘ಕಳೆ’ ಕಂಡರೆ ರೈತರಿಗೆ ನೆನಪಾಗುವುದೇ ಬೇರೆ.

ಉಳಿದೆರಡು ಒಂದೇ ಅಲ್ಲ. ಕೊಳೆಯುವುದು ಕೆಡುವ ಕ್ರಿಯೆ. ಕಳಿಯುವುದು ಪೂರ್ತಿ ಮಾಗುವುದು, ಕಳಿತ ಹಣ್ಣು ಎನ್ನುವ ಹಾಗೆ. ತಿಪ್ಪೆಯಲ್ಲಿ ಮೊದಲು ಕೊಳೆಯುತ್ತದೆ, ಆಮೇಲೆ ಕಳಿಯುತ್ತದೆ. ಹೊಲಕ್ಕೆ ಹಾಕುವ ಗೊಬ್ಬರಕ್ಕೆ ‘ಕಳಿತ’ ಎಂದೇ ಉಳಿಸಿ. ಅರ್ಧ ಕೊಳೆತದ್ದನ್ನೇ ಹೊಲಕ್ಕೆ ಹಾಕಿದರೆ ನಷ್ಟ. ಕಬ್ಬಿನ ತರಗಿನಲ್ಲಿ, ಅಂದರೆ ಒಣಗಿದ ಗರಿಯಲ್ಲಿ, ಸಾರಜನಕದ ಒಂದು ಪಾಲಿಗೆ ಇಂಗಾಲ ಸುಮಾರು 100 ಪಾಲು. ಅದನ್ನು ಅರಗಿಸಿಕೊಳ್ಳಲು ಸೂಕ್ಷ್ಮಜೀವಿಗಳು ಮಣ್ಣಿನ ಸಾರಜನಕವನ್ನೇ ಎಳೆದುಕೊಳ್ಳುತ್ತವೆ, ಪೈರು ಹಳದಿಯಾಗುತ್ತದೆ. ಕಳಿಯದ ಸಗಣಿಯಲ್ಲಿ ಬೇರು ತಿನ್ನುವ ಗೊಣ್ಣೆಹುಳು, ಕಳೆಬೀಜ ಎರಡೂ ಉಳಿದಿರುತ್ತವೆ.

ಅದಕ್ಕೇ ರಾಶಿ ಹಾಕುವಾಗಲೇ ಲೆಕ್ಕ ಸರಿಯಿರಬೇಕು. ಒಂದು ಟನ್ ತರಗಿಗೆ ಸುಮಾರು 100 ಕೆಜಿ ಸಗಣಿಯ ಬಗ್ಗಡ, 8 ಕೆಜಿ ಯೂರಿಯಾ. ತೇವ ನೂರಕ್ಕೆ 50ರಿಂದ 60. ಹಿಡಿ ಹಿಂಡಿದರೆ ಒಂದೆರಡು ಹನಿ ಬೀಳಬೇಕು, ಧಾರೆಯಲ್ಲ. ನೀರು ಹೆಚ್ಚಾದರೆ ಗಾಳಿಯಾಡದೆ ಗಬ್ಬು ನಾರುತ್ತದೆ, ಕಮ್ಮಿಯಾದರೆ ಕಾವೇ ಏರುವುದಿಲ್ಲ. ಒಳಗೆ 55 ಡಿಗ್ರಿ ಸೆಲ್ಸಿಯಸ್ ದಾಟಿ ಕೆಲವು ದಿನ ನಿಂತರೆ ಬಹುಪಾಲು ಕಳೆಬೀಜ ಸಾಯುತ್ತವೆ. ಆದರೆ ಅಂಚಿನಲ್ಲಿ ಅಷ್ಟು ಕಾವಿರುವುದಿಲ್ಲ, ಮಗುಚುವಾಗ ಹೊರಗಿನದು ಒಳಕ್ಕೆ ಹೋಗಬೇಕು. ಇಂದೋರ್ ವಿಧಾನದಲ್ಲಿ ಹೀಗೆ ಮಗುಚುತ್ತಾ ಮೂರು ನಾಲ್ಕು ತಿಂಗಳು. 1939ರಲ್ಲಿ ವಿಜ್ಞಾನಿ ಸಿ. ಎನ್. ಆಚಾರ್ಯ ರೂಪಿಸಿದ ಬೆಂಗಳೂರು ವಿಧಾನದಲ್ಲಿ ಮಣ್ಣು ಮೆತ್ತಿ ಬಿಡುವುದರಿಂದ ಮಗುಚುವ ಕೆಲಸವಿಲ್ಲ, ಆದರೆ ಆರರಿಂದ ಎಂಟು ತಿಂಗಳು ಕಾಯಬೇಕು.

ಕಳಿತದ್ದು ಹೇಗೆ ಗೊತ್ತಾಗುತ್ತದೆ? ಮಗುಚಿದರೂ ಮತ್ತೆ ಬಿಸಿಯೇರುವುದಿಲ್ಲ, ತರಗು ತರಗಾಗಿ ಕಾಣುವುದಿಲ್ಲ, ಮೊದಲ ಮಳೆಗೆ ನೆಂದ ಮಣ್ಣಿನ ವಾಸನೆ. ಅನುಮಾನವಿದ್ದರೆ ಒಂದು ಹಿಡಿ ಒದ್ದೆ ಮಾಡಿ ಪ್ಲಾಸ್ಟಿಕ್ ಚೀಲದಲ್ಲಿ ಮೂರು ದಿನ ಕಟ್ಟಿಡಿ. ಬಿಚ್ಚಿದಾಗ ಹುಳಿ ವಾಸನೆಯೋ ಮೂಗಿಗೆ ಅಡರುವ ಅಮೋನಿಯಾವೋ ಬಂದರೆ ಅದು ಕೊಳೆತದ್ದು ಅಷ್ಟೇ.

‘ಮಿಶ್ರಗೊಬ್ಬರ’ ಖಂಡಿತ ಬೇಡ. ಮೂಲ ಲ್ಯಾಟಿನ್ ಪದಕ್ಕೆ ‘ಕೂಡಿಸಿಟ್ಟದ್ದು’ ಎಂಬ ಅರ್ಥವಿರುವುದರಿಂದ ಅನುವಾದ ತಪ್ಪೇನಲ್ಲ. ಆದರೆ ಅಂಗಡಿಯಲ್ಲಿ ಆ ಹೆಸರು ಹೇಳಿದರೆ ಸಾರಜನಕ, ರಂಜಕ, ಪೊಟ್ಯಾಷ್ ಬೆರೆಸಿದ ರಸಗೊಬ್ಬರದ ಮೂಟೆ ಕೊಡುತ್ತಾರೆ. ಕಳಿತ ಗೊಬ್ಬರದ ಕೆಲಸವೇ ಬೇರೆ: ಕೊಟ್ಟಿಗೆ ಗೊಬ್ಬರದ ಒಂದು ಟನ್ನಿನಲ್ಲಿ ಸಾರಜನಕ ಐದು ಕೆಜಿಯ ಆಸುಪಾಸು ಅಷ್ಟೇ. ಎಕರೆಗೆ ಹತ್ತು ಟನ್ ಹಾಕುವುದು ಅದೊಂದಕ್ಕೇ ಅಲ್ಲ, ಕೆಂಪು ಮಣ್ಣು ನೀರು ಹಿಡಿಯಲಿ ಎಂದು. ‘ಕಾಂಪೋಸ್ಟ್’ ಎಂದೇ ಬಿಡಿ, ಹಳ್ಳಿಯಲ್ಲೂ ಅದೇ ಮಾತು.

ಹಾಗೆಯೇ ತರಗನ್ನು ‘ರವದಿ’ ಎಂದು ಬರೆದಿದ್ದರೆ ತಿದ್ದಿಬಿಡಿ. ಅದು ಬೆಳಗಾವಿ, ಬಾಗಲಕೋಟೆ ಕಡೆಯ ಮಾತು.