ಸಹಾಯ ಬೇಕು: ನೋಡ್-ರೆಡ್ ಒಳಗೆ ಎಫ್‌ಎಫ್‌ಎಂಪೆಗ್ ಓಡಿಸೋದು

ನಮಸ್ಕಾರ ಎಲ್ರಿಗೂ, ನೋಡ್-ರೆಡ್ (ನೋಡ್ ಅನ್ನೋ ಡಬ್ಬಿಗಳನ್ನ ಜೋಡಿಸಿ ಕೆಲಸದ ಸರಣಿ ಅಂದ್ರೆ ಫ್ಲೋ ಕಟ್ಟೋ ಸಾಫ್ಟ್‌ವೇರ್) ಬಳಸಿರೋರು ಯಾರಾದ್ರೂ ಇದ್ರೆ ದಯವಿಟ್ಟು ದಾರಿ ತೋರ್ಸಿ. ಊರಿನ ಅಜ್ಜಿಯಂದ್ರು ಹಾಡೋ ಸೋಬಾನೆ ಪದಗಳನ್ನ ರೆಕಾರ್ಡ್ ಮಾಡ್ತಿದೀವಿ, ವೇವ್ ಫೈಲನ್ನೆಲ್ಲ ಎಂಪಿ3 ಮಾಡೋಕೆ ಎಫ್‌ಎಫ್‌ಎಂಪೆಗ್ (ಆಡಿಯೋ-ವಿಡಿಯೋ ಫೈಲ್ ಬದಲಾಯಿಸೋ ಪ್ರೋಗ್ರಾಂ) ಸಾಕು ಆದ್ರೆ ಜೊತೆಗಿರೋರಿಗೆ ಟರ್ಮಿನಲಲ್ಲಿ ಕಮಾಂಡ್ ಟೈಪ್ ಮಾಡಿ ಅಭ್ಯಾಸ ಇಲ್ಲ, ಅದಕ್ಕೇ ಬಟನ್ ಒತ್ತಿದ್ರೆ ಕೆಲಸ ಆಗೋ ಹಾಗೆ ಫ್ಲೋ ಕಟ್ತಿದೀನಿ.

ಕಮಾಂಡ್ ಓಡಿಸೋ ಎಕ್ಸೆಕ್ ನೋಡ್ ಹಾಕಿದೀನಿ, ಅದಕ್ಕೆ ಮೂರು ಔಟ್‌ಪುಟ್: ಮಾಮೂಲಿ ಔಟ್‌ಪುಟ್ (ಎಸ್‌ಟಿಡಿಔಟ್), ಎರರ್ ಸಂದೇಶ (ಎಸ್‌ಟಿಡಿಎರರ್), ರಿಟರ್ನ್ ಕೋಡ್. ಎಕ್ಸೆಕ್ ಮೋಡಲ್ಲಿ ಕಮಾಂಡ್ ಪೂರ್ತಿ ಮುಗಿಯೋವರೆಗೂ ಏನೂ ಬರಲ್ಲ, ಸ್ಪಾನ್ ಮೋಡಲ್ಲಿ ಔಟ್‌ಪುಟ್ ಆಗಾಗ್ಗೆ ಬರುತ್ತೆ, ಆದ್ರೆ ಎಫ್‌ಎಫ್‌ಎಂಪೆಗ್ ಲಾಗೆಲ್ಲ ಎಸ್‌ಟಿಡಿಎರರ್‌ಗೇ ಬರೆಯುತ್ತಲ್ಲ, ಹಾಗಾಗಿ ಎಲ್ಲಾ ಸರಿಯಾಗಿ ನಡೀತಿದ್ರೂ ಎರಡನೇ ಔಟ್‌ಪುಟ್‌ನಿಂದ ಬಂದು ನೋಡೋರಿಗೆ ಎರರ್ ಥರ ಕಾಣುತ್ತೆ. ಸದ್ಯಕ್ಕೆ ಮೂರನೇ ಔಟ್‌ಪುಟ್‌ನಲ್ಲಿ ರಿಟರ್ನ್ ಕೋಡ್ 0 (ಅಂದ್ರೆ ತಪ್ಪಿಲ್ಲದೆ ಮುಗೀತು) ಬಂತಾ ಅಂತ ನೋಡಿ ತೀರ್ಮಾನ ಮಾಡ್ತಿದೀನಿ, ಅದೇ ಸರಿಯಾದ ದಾರಿ ಅನ್ನೋದು ನನ್ನ ಅಭಿಪ್ರಾಯ.

ಸಮಸ್ಯೆ ಇರೋದು ಪ್ರೋಗ್ರೆಸ್ ಬಾರ್‌ದು. ಪ್ರೋಗ್ರೆಸ್ ಆಪ್ಷನ್ ಕೊಟ್ಟು ಎಸ್‌ಟಿಡಿಔಟ್‌ಗೆ ತಿರುಗಿಸಿದ್ರೆ ಒಂದೊಂದ್ಸಲ ಸಾಲು ಅರ್ಧಕ್ಕೇ ತುಂಡಾಗಿ ಎರಡು ಮೆಸೇಜಲ್ಲಿ ಬರುತ್ತೆ, ಅದನ್ನ ಫಂಕ್ಷನ್ ನೋಡಲ್ಲಿ ಕೋಡ್ ಬರೆದು ಜೋಡಿಸ್ಬೇಕಾ ಅಥವಾ ಸ್ಪ್ಲಿಟ್ ನೋಡಲ್ಲೇ ಆಗುತ್ತಾ? ಇನ್ನೊಂದು, ಫೈಲ್ ಹೆಸರನ್ನ ಪೇಲೋಡಿಂದ (ಮೆಸೇಜ್ ಒಳಗಿನ ಡೇಟಾ) ಕಮಾಂಡಿಗೆ ಸೇರಿಸ್ವಾಗ ಸ್ಪೇಸ್ ಇದ್ರೆ ಹೆಸರು ತುಂಡಾಗಬಹುದು, ಎಕ್ಸೆಕ್ ಮೋಡಲ್ಲಿ ಸೆಮಿಕೋಲನ್ ಇದ್ರೆ ಶೆಲ್ (ಕಮಾಂಡ್ ಓದಿ ಓಡಿಸೋ ಪ್ರೋಗ್ರಾಂ) ಬೇರೆ ಏನಾದ್ರೂ ಓಡಿಸ್ಬಿಡಬಹುದು, ಇದನ್ನ ಸೇಫಾಗಿ ಹೇಗ್ ಮಾಡ್ತೀರಿ? ಇದಕ್ಕೆ ಸಬ್‌ಫ್ಲೋ (ಬೇರೆ ಕಡೆ ಮತ್ತೆ ಬಳಸಬಹುದಾದ ಫ್ಲೋ) ಮಾಡಿರೋರಿದ್ರೆ ಅದರ ಜೇಸನ್ ಎಕ್ಸ್‌ಪೋರ್ಟ್ (ಪಠ್ಯ ರೂಪದ ಪ್ರತಿ) ಹಾಕಿ ಪ್ಲೀಸ್.