ಕೆಂಪು ಗೊಬ್ಬರದ ಫಾರ್ವರ್ಡ್, ನಮ್ಮ ಮನೆ ಗುಂಪಲ್ಲಿ

ಚಿಕ್ಕಮ್ಮ: (ಫಾರ್ವರ್ಡ್) ಎಚ್ಚರ!! ಕೆಂಪು ಪೊಟ್ಯಾಷ್ ಸುರಿದು 3 ದಿನದಲ್ಲಿ ಎಲೆಕೋಸನ್ನು ಕಲ್ಲಿನ ಹಾಗೆ ಗಟ್ಟಿ ಮಾಡುತ್ತಿದ್ದಾರೆ. ತಿಂದರೆ ಕಿಡ್ನಿ ಹಾಳು. ಎಲ್ಲರಿಗೂ ಕಳಿಸಿ.

ಚಿಕ್ಕಮ್ಮ: ನೋಡಿ, ನಾನು ಯಾವತ್ತಿಂದ ಹೇಳುತ್ತಿದ್ದೇನೆ.

ಭಾವ: ಬರೆದವರು ಯಾರು? ಯಾವ ಊರು, ಯಾವ ಲ್ಯಾಬು?

ಚಿಕ್ಕಮ್ಮ: ನಿಮಗೆ ಎಲ್ಲದಕ್ಕೂ ಲ್ಯಾಬು ಬೇಕು. ಕೋವಿಡ್ ಕಷಾಯಕ್ಕೂ ಹೀಗೇ ಕೇಳಿದಿರಿ.

ದೊಡ್ಡಪ್ಪ: ದುರಾಸೆ ಜಾಸ್ತಿ ಆಯಿತು. ಭೂಮಿತಾಯಿಗೆ ಉಪ್ಪು ತಿನ್ನಿಸಿದರೆ ಅವಳು ಸುಮ್ನೆ ಇರುತ್ತಾಳಾ? ನಮ್ಮ ಕಾಲದಲ್ಲಿ ಕೊಟ್ಟಿಗೆ ಗೊಬ್ಬರವೇ ಸಾಕಾಗುತ್ತಿತ್ತು.

ಅತ್ತೆ ಮಗಳು: ಅಜ್ಜಿ ಇಬ್ಬನಿ ಆರುವ ಮುಂಚೆ ಕೋಸಿನ ಮಡಿಗೆ ಒಲೆ ಬೂದಿ ಎರಚುತ್ತಿದ್ದರು, ನೆನಪಿದೆಯಾ? ಮೊಣಕೈವರೆಗೂ ಬೆಳ್ಳಗೆ. ಆ ಪಲ್ಯದ ರುಚಿ ಈಗ ಎಲ್ಲಿ!

ನಾನು: ಆ ಬೂದಿಯಲ್ಲಿ ಇದ್ದದ್ದೂ ಪೊಟ್ಯಾಷೇ ಕಣೇ, ಅಂದರೆ ಪೊಟ್ಯಾಸಿಯಂ ಇರುವ ಉಪ್ಪು. ಹಿಂದೆ ಸೌದೆ ಬೂದಿಯ ನೀರನ್ನು ಪಾತ್ರೆಯಲ್ಲಿ ಬತ್ತಿಸಿ ತೆಗೆಯುತ್ತಿದ್ದರು, ಇಂಗ್ಲಿಷಿನ 'ಪಾಟ್' (ಪಾತ್ರೆ), 'ಆಷ್' (ಬೂದಿ) ಸೇರಿ ಹೆಸರು ಬಂದದ್ದೇ ಹಾಗೆ. ಈಗ ಗಣಿಯಿಂದ ಬರುತ್ತದೆ. ಕೆಂಪು ಅದರೊಳಗಿನ ಕಬ್ಬಿಣದ್ದು, ಯಾರೂ ಬಣ್ಣ ಬಳಿದದ್ದಲ್ಲ. 3 ದಿನದ ಮಾತು ಶುದ್ಧ ಸುಳ್ಳು, ನಾಟಿ ಮಾಡಿದ ಮೇಲೆ ಕಟಾವಿಗೆ ಎರಡು ತಿಂಗಳಾದರೂ ಬೇಕು.

ಭಾವ: ಜಾಸ್ತಿ ಹಾಕಿದರೆ? ನಿನ್ನ ಮಾತನ್ನೂ ಸುಮ್ನೆ ನಂಬುವುದಿಲ್ಲ.

ನಾನು: ಜಾಸ್ತಿ ಆದರೆ ಗಿಡಕ್ಕೆ ಕ್ಯಾಲ್ಸಿಯಂ, ಮೆಗ್ನೀಸಿಯಂ ಸರಿಯಾಗಿ ಸಿಗುವುದಿಲ್ಲ, ನಷ್ಟ ರೈತನಿಗೇ. ಕಡಿಮೆ ಆದರೆ ಏನಾಗುತ್ತದೆ ಅಂತ 2022ರಲ್ಲಿ ನಮ್ಮ ಹೊಲದಲ್ಲೇ ನೋಡಿದೆ. ನಮ್ಮ ದೇಶಕ್ಕೆ ಪೊಟ್ಯಾಷ್ ಹೊರಗಿನಿಂದಲೇ ಬರಬೇಕು, ಆ ವರ್ಷ 50 ಕಿಲೋ ಮೂಟೆ 1,700 ರೂಪಾಯಿ ಮುಟ್ಟಿತ್ತು. ಮಾವ, ನೀವೇ 'ಬೇಡ ಬಿಡು, ಯೂರಿಯಾ ಸಾಕು' ಅಂದಿರಿ. ಕೆಳಗಿನ ಎಲೆಗಳ ಅಂಚು ಮೊದಲು ಹಳದಿ, ಆಮೇಲೆ ಸುಟ್ಟ ಹಪ್ಪಳದ ಹಾಗೆ, ಮುಟ್ಟಿದರೆ ಪುಡಿ. ಮೇಲಿನ ಎಲೆ ಹಸಿರಾಗೇ ಇತ್ತು, ಅಲ್ಲೇ ಮೋಸ ಹೋದೆ. ಪೊಟ್ಯಾಷ್ ಸಾಲದಿದ್ದರೆ ಗಿಡ ಹಳೆ ಎಲೆಯದ್ದನ್ನು ಎಳೆದು ಎಳೆ ಎಲೆಗೆ ಕೊಡುತ್ತದೆ. ಗಡ್ಡೆ ಒತ್ತಿದರೆ ಬೆರಳು ಒಳಗೆ ಹೋಗುತ್ತಿತ್ತು. ಕೇಳುವವರೇ ಇರಲಿಲ್ಲ.

ಮಾವ: ಅಂದರೆ ತಪ್ಪು ನನ್ನದು. ಬೋರ್‌ವೆಲ್‌ಗೆ ದುಡ್ಡು ಕೊಟ್ಟಾಗ ಈ ಮಾವ ಒಳ್ಳೆಯವನಾಗಿದ್ದ, ಅಲ್ವಾ?

ದೊಡ್ಡಪ್ಪ: ಹಿರಿಯರ ಜೊತೆ ಹೀಗಾ ಮಾತಾಡುವುದು? ಗುಂಪಲ್ಲಿ ಲೆಕ್ಕ ತೆಗೆಯಬೇಡಿ.

ಅತ್ತೆ ಮಗಳು: ಬೋರ್‌ವೆಲ್ ಪೂಜೆಯ ಫೋಟೋ ಯಾರ ಹತ್ತಿರ ಇದೆ? ಅಜ್ಜಿ ಇದ್ದಾರೆ ಅದರಲ್ಲಿ.

ಚಿಕ್ಕಮ್ಮ: ನನ್ನ ಕಷ್ಟ ಯಾರೂ ಕೇಳಲಿಲ್ಲ. ಚಿಕ್ಕಪ್ಪನಿಗೆ ಡಾಕ್ಟರು ಪೊಟ್ಯಾಸಿಯಂ ಕಡಿಮೆ ಮಾಡಿ ಅಂದಿದ್ದಾರೆ. ಫ್ರಿಜ್‌ನಲ್ಲಿ ಕೋಸಿದೆ.

ನಾನು: ಅಯ್ಯೋ ಚಿಕ್ಕಮ್ಮ, ಮೊದಲೇ ಹೇಳಬಾರದಿತ್ತಾ. 100 ಗ್ರಾಂ ಹಸಿ ಕೋಸಲ್ಲಿ ಸುಮಾರು 170 ಮಿಲಿಗ್ರಾಂ ಪೊಟ್ಯಾಸಿಯಂ ಇರುತ್ತದೆ, ಆಲೂಗಡ್ಡೆಯಲ್ಲಿ 400ಕ್ಕೂ ಜಾಸ್ತಿ. ಸಣ್ಣಗೆ ಹೆಚ್ಚಿ, ತುಂಬಾ ನೀರಲ್ಲಿ ಬೇಯಿಸಿ, ಆ ನೀರು ಚೆಲ್ಲಿಬಿಡಿ. ಎಷ್ಟು ಕೊಡಬಹುದು ಅಂತ ಡಾಕ್ಟರನ್ನೇ ಕೇಳಿ. ಮಾವ, ಸಂಜೆ ಮನೆಗೆ ಬರುತ್ತೇನೆ.

ಮಾವ: ಬರುವಾಗ ಈ ಸಲದ ಮಣ್ಣು ಪರೀಕ್ಷೆಯ ಚೀಟಿ ತಾ.