ಎಕ್ಸ್‌ಪಿಯಿಂದ ಹೊಸ ಲ್ಯಾಪ್‌ಟಾಪಿಗೆ ಫೈಲ್ ಕಳಿಸೋದು ಹೇಗೆ? ಮಾಡಿ ನೋಡಿದವರು ಹೇಳಿ

ಕೇಳುತ್ತಿರುವುದು ದಾವಣಗೆರೆಯಿಂದ

ಅಪ್ಪ ಮನೆಯಲ್ಲೇ ಡಿಟಿಪಿ ಮಾಡ್ತಾರೆ. ಲಗ್ನಪತ್ರಿಕೆ, ಗೃಹಪ್ರವೇಶ, ತಿಥಿ ಕಾರ್ಡು. ವಿಂಡೋಸ್ ಎಕ್ಸ್‌ಪಿ, ಪೇಜ್‌ಮೇಕರ್ 7, ನುಡಿ ಫಾಂಟು. ಇಪ್ಪತ್ತು ವರ್ಷದ ಮ್ಯಾಟರ್ ಅದರಲ್ಲೇ ಕೂತಿದೆ, ಹಾಗಾಗಿ "ಹೊಸದು ತಗೊಳ್ಳಿ" ಅನ್ನೋ ಸಲಹೆ ದಯವಿಟ್ಟು ಬೇಡ, ಅದನ್ನು ನಾನೇ ಹೇಳಿ ಬೈಸಿಕೊಂಡಿದ್ದೇನೆ.

ಈಗ ಗಿರಾಕಿಗಳೆಲ್ಲ ಪ್ರೂಫ್ ವಾಟ್ಸಾಪಿನಲ್ಲೇ ಕೇಳ್ತಾರೆ. ಎಕ್ಸ್‌ಪಿಯ ಬ್ರೌಸರಿನಲ್ಲಿ ವಾಟ್ಸಾಪ್ ತೆರೆಯಲ್ಲ. ಪೆನ್‌ಡ್ರೈವಿಗೆ ಹಾಕಿ, ಮಹಡಿ ಮೇಲಿರುವ ನನ್ನ ವಿಂಡೋಸ್ 11 ಲ್ಯಾಪ್‌ಟಾಪಿಗೆ ತಂದು ಕಳಿಸಬೇಕು. ಐದು ನಿಮಿಷಕ್ಕೆ ಉತ್ತರ ಬರುತ್ತೆ: ಅಜ್ಜನ ಹೆಸರಿಗೆ "ದಿ||" ಹಾಕಿಲ್ಲ. ಮತ್ತೆ ಕೆಳಗೆ. ಸೀಸನ್ನಿನಲ್ಲಿ ದಿನಕ್ಕೆ ಹದಿನೈದು ಸಲ ಹತ್ತಿ ಇಳಿದಿದ್ದೇನೆ.

ಮನೆಯಲ್ಲಿ ನಾನು ಕಾಲೇಜಿನಲ್ಲಿ ಬಳಸಿದ ವಿಂಡೋಸ್ 7 ಡೆಸ್ಕ್‌ಟಾಪೂ ಇದೆ. ಮೂರೂ ಒಂದೇ ಇಂಟರ್ನೆಟ್ಟಿಗೆ ಸೇರಿವೆ. ಲ್ಯಾಪ್‌ಟಾಪಿನಿಂದ ಎಕ್ಸ್‌ಪಿಗೆ ಹೋಗಲು ನೋಡಿದರೆ, ಇದಕ್ಕೆ ಹಳೆಯ ಎಸ್‌ಎಂಬಿ1 (ಕಂಪ್ಯೂಟರುಗಳು ಫೈಲ್ ಹಂಚಿಕೊಳ್ಳುವ ಹಳೇ ಪದ್ಧತಿ) ಬೇಕು, ಅದು ಸುರಕ್ಷಿತವಲ್ಲ ಅಂತ ಬರುತ್ತೆ. ವಿಂಡೋಸ್ ಫೀಚರ್ಸ್‌ನಲ್ಲಿ ಒಂದು ಟಿಕ್ ಹಾಕಿದರೆ ಆಯ್ತು ಅಂತ ರಿಪೇರಿಯವರು ಹೇಳಿದರು. ಹಾಕಲಾ, ಬೇಡವಾ?

ಹುಬ್ಬಳ್ಳಿಯಿಂದ

ನಾ ಹಾಕಿದ್ದೆ ನೋಡ್ರಿ. ಆಗ ನಂದು ವಿಂಡೋಸ್ 10. ಟಿಕ್ ಹಾಕಿ ರೀಸ್ಟಾರ್ಟ್ ಮಾಡಿದ ಕೂಡ್ಲೇ ಎಲ್ಲಾ ಚಲೋ ನಡೀತು. ಆಷಾಢ ಬಂತು, ಲಗ್ನ ಇಲ್ಲ, ಹಳೇ ಮಷೀನ್ ಮುಟ್ಟೋರಿಲ್ಲ. ಶ್ರಾವಣದಾಗ ಮೊದಲ ಕಾರ್ಡಿನ ಕೆಲಸ ಬಂತು, ನೋಡಿದ್ರ ಕನೆಕ್ಷನ್ನೇ ಇಲ್ಲ. ಎರಡು ದಿನ ವೈರು ಕಿತ್ತಿ ಹಚ್ಚಿ, ಮಂದಿಗೆಲ್ಲಾ ಬೈದೆ. ಆಮ್ಯಾಲೆ ತಿಳೀತು, ಆ ಟಿಕ್ಕಿನ ಕೆಳಗ "ಆಟೊಮ್ಯಾಟಿಕ್ ರಿಮೂವಲ್" ಅಂತ ಇನ್ನೊಂದು ಐತಿ. ಹದಿನೈದು ದಿನ ಯಾರೂ ಬಳಸಲಿಲ್ಲಂದ್ರ ಎಸ್‌ಎಂಬಿ1 ತಾನಾ ಎದ್ದು ಹೋಗ್ತದ. ಅದನ್ನೂ ನಾನಾ ಟಿಕ್ ಮಾಡಿದ್ದೆ.

ಹಾಕ್ರಿ ಅಂತ ಹೇಳಂಗಿಲ್ಲ. ಹಾಕಿದವರ ಕಥಿ ಹೇಳಿದೆ ಅಷ್ಟ.

ಬೆಂಗಳೂರಿನಿಂದ

ಬೇಡ. ಎಕ್ಸ್‌ಪಿಗೆ ಬರೋದು ಎಸ್‌ಎಂಬಿ1 ಒಂದೇ ಭಾಷೆ. 2017ರ ಮೇ ತಿಂಗಳಲ್ಲಿ ವಾನ್ನಾಕ್ರೈ ಅನ್ನೋ, ಫೈಲ್ ಲಾಕ್ ಮಾಡಿ ದುಡ್ಡು ಕೇಳುವ ವೈರಸ್ ಮನೆಯಿಂದ ಮನೆಗೆ, ಆಸ್ಪತ್ರೆಯಿಂದ ಆಸ್ಪತ್ರೆಗೆ ನುಗ್ಗಿದ್ದು ಆ ಬಾಗಿಲಿಂದಲೇ. ನಿಮ್ಮ ಬ್ಯಾಂಕು, ಫೋಟೊ, ಆಫೀಸಿನ ಕೆಲಸ ಎಲ್ಲ ಇರುವ ಲ್ಯಾಪ್‌ಟಾಪಿನಲ್ಲಿ ಅದನ್ನು ಯಾಕೆ ತೆರೀತೀರಿ, ಮನೆಯಲ್ಲೇ ದುಭಾಷಿ ಇರುವಾಗ?

ಆ ವಿಂಡೋಸ್ 7 ಇದೆಯಲ್ಲ, ಅದಕ್ಕೆ ಎರಡೂ ಭಾಷೆ ಗೊತ್ತು. ಎಕ್ಸ್‌ಪಿ ಜೊತೆ ಎಸ್‌ಎಂಬಿ1ರಲ್ಲಿ, 11ರ ಜೊತೆ ಎಸ್‌ಎಂಬಿ 2.1ರಲ್ಲಿ ಮಾತಾಡುತ್ತೆ. ಶೇರ್ ಮಾಡುವ ಫೋಲ್ಡರ್ 7ರಲ್ಲಿರಲಿ. ಅಪ್ಪ ಕೆಳಗಿನಿಂದ ಅದಕ್ಕೆ ಪಿಡಿಎಫ್ ಹಾಕಲಿ, ನೀವು ಮೇಲಿನಿಂದ ತಗೊಳ್ಳಿ. ಎಕ್ಸ್‌ಪಿಯೂ 11ಉ ಮುಖಾಮುಖಿ ಆಗೋದೇ ಬೇಡ. ನಮ್ಮ ಮಾವನ ಮನೆಯಲ್ಲಿ ಮೂರು ವರ್ಷದಿಂದ ಹೀಗೇ ನಡೀತಿದೆ.

ಎಡವೋದು ಪಾಸ್‌ವರ್ಡಿನಲ್ಲಿ. ಮನೆಯ ಕಂಪ್ಯೂಟರ್ ಅಂತ ಯಾರೂ ಪಾಸ್‌ವರ್ಡ್ ಇಟ್ಟಿರಲ್ಲ. ಪಾಸ್‌ವರ್ಡ್ ಖಾಲಿ ಇರುವ ಖಾತೆಯನ್ನು ವಿಂಡೋಸ್ ನೆಟ್‌ವರ್ಕಿನಿಂದ ಒಳಗೆ ಬಿಡುವುದಿಲ್ಲ, ಆದರೆ ಕಾರಣವನ್ನು ಸರಿಯಾಗಿ ಹೇಳುವುದೂ ಇಲ್ಲ, ಸುಮ್ಮನೆ ಹೆಸರು ಕೇಳುತ್ತಾ ಇರುತ್ತೆ. ಮೊದಲೆಲ್ಲ ಗೆಸ್ಟ್ ಆಗಿ, ಅಂದರೆ ಪಾಸ್‌ವರ್ಡ್ ಇಲ್ಲದೆ, ನುಗ್ಗುತ್ತಿದ್ದೆವು. 11ರ 24ಎಚ್2 ಪ್ರೊ ಆವೃತ್ತಿಯಲ್ಲಿ ಅದೂ ನಡೆಯಲ್ಲ. 7ರಲ್ಲಿ ಈ ಕೆಲಸಕ್ಕೆಂದೇ ಒಂದು ಖಾತೆ ಮಾಡಿ, ಪಾಸ್‌ವರ್ಡ್ ಇಡಿ, ಫೋಲ್ಡರನ್ನು ಆ ಖಾತೆಗೆ ಮಾತ್ರ ಶೇರ್ ಮಾಡಿ, ಓದುವ-ಬರೆಯುವ ಹಕ್ಕು ಎರಡೂ ಕೊಡಿ. ಎಕ್ಸ್‌ಪಿಯಲ್ಲಿ ಮ್ಯಾಪ್ ನೆಟ್‌ವರ್ಕ್ ಡ್ರೈವ್ ಮಾಡುವಾಗ "ಬೇರೆ ಹೆಸರಿನಲ್ಲಿ" ಅನ್ನೋದನ್ನು ಒತ್ತಿ ಅದೇ ಹೆಸರು ಕೊಡಿ. ಅಪ್ಪನಿಗೆ ಅದು ಇನ್ನೊಂದು ಡ್ರೈವ್ ಥರ ಕಾಣುತ್ತೆ, ಅಷ್ಟೇ.

ನೆಟ್‌ವರ್ಕ್ ಐಕಾನಿನಲ್ಲಿ ಹೆಸರು ಕಾಣಿಸಲಿ ಅಂತ ಕಾಯಬೇಡಿ, ಹಳೇ-ಹೊಸ ಯಂತ್ರ ಕೂಡಿದ ಮನೆಯಲ್ಲಿ ಆ ಪಟ್ಟಿ ನಂಬಿಕೆಗೆ ಅರ್ಹವಲ್ಲ. 7ಕ್ಕೆ 192.168.1.20, ಎಕ್ಸ್‌ಪಿಗೆ 192.168.1.21 ಅಂತ ಕಾಯಂ ವಿಳಾಸ ಕೊಟ್ಟು (ರೂಟರ್ ತಾನಾಗಿ ಹಂಚುವ ಸಂಖ್ಯೆಗಳಿಗೆ ತಾಗದಂತೆ), ಎರಡು ಬ್ಯಾಕ್‌ಸ್ಲ್ಯಾಶ್ ಹಾಕಿ ಆ ವಿಳಾಸವನ್ನೇ ಟೈಪ್ ಮಾಡಿ. ವಿಳಾಸ ಕೊಡುವಾಗ ಡಿಫಾಲ್ಟ್ ಗೇಟ್‌ವೇ ಜಾಗ ಖಾಲಿ ಬಿಡಿ. ಮನೆಯೊಳಗಿನ ಯಂತ್ರಗಳು ಸಿಗ್ತವೆ, ಇಂಟರ್ನೆಟ್ ಸಿಗಲ್ಲ. ಎಕ್ಸ್‌ಪಿಗೆ 2014ರ ಏಪ್ರಿಲ್‌ನಿಂದ, 7ಕ್ಕೆ 2020ರ ಜನವರಿಯಿಂದ ಮೈಕ್ರೋಸಾಫ್ಟ್ ಬೆಂಬಲ ಇಲ್ಲ. ಎರಡಕ್ಕೂ ಹೊರಗಿನ ಗಾಳಿ ತಾಕದಿದ್ದರೆ ಒಳ್ಳೇದು. ಗೇಟ್‌ವೇ ಖಾಲಿ ಮಾಡುವ ಮೊದಲು 7ರಲ್ಲಿ 2017ರ ಮಾರ್ಚ್‌ನ ಅಥವಾ ಅದರ ನಂತರದ ಭದ್ರತಾ ಅಪ್‌ಡೇಟ್ ಇದೆಯಾ ನೋಡಿ. ವಾನ್ನಾಕ್ರೈ ಹೆಚ್ಚು ಹೊಡೆದದ್ದು ಎಕ್ಸ್‌ಪಿಯನ್ನಲ್ಲ, ಅಪ್‌ಡೇಟ್ ಹಾಕದ 7ನ್ನು. ಎಕ್ಸ್‌ಪಿಗೂ ಆಗ ಒಂದು ಪ್ಯಾಚ್ ಬಿಟ್ಟಿದ್ದರು, ಕೆಬಿ4012598.

ಉಡುಪಿಯಿಂದ

ಒಂದೇ ಇಂಟರ್ನೆಟ್ ಅಂದ್ರೆ ಒಂದೇ ನೆಟ್‌ವರ್ಕ್ ಅಂತ ಅಲ್ಲ ಮಾರಾಯ್ರೆ. ನಮ್ಮಲ್ಲಿ ಫೈಬರಿನವರು ಕೊಟ್ಟ ಡಬ್ಬಿ ಕೆಳಗೆ, ಮೇಲೆ ಸಿಗ್ನಲ್ ಸಾಲದು ಅಂತ ನಾನೇ ತಂದ ರೂಟರ್. ಕೇಬಲನ್ನು ಅದರ ವ್ಯಾನ್ (ಇಂಟರ್ನೆಟ್ ಒಳಗೆ ಬರುವ) ಪೋರ್ಟಿಗೆ ಚುಚ್ಚಿದ್ದೆ. ಕೆಳಗಿನ ಯಂತ್ರಕ್ಕೆ 192.168.1ರ ವಿಳಾಸ, ಮೇಲಿನದಕ್ಕೆ 192.168.0. ಕೆಳಗಿನದು ಮೇಲಿನದನ್ನು ಹುಡುಕಿ ಹುಡುಕಿ ಸತ್ತಿತು. ಮೇಲಿನ ರೂಟರನ್ನು ಆಕ್ಸೆಸ್ ಪಾಯಿಂಟ್ ಮೋಡಿಗೆ (ಬೇರೆ ನೆಟ್‌ವರ್ಕ್ ಮಾಡದೆ ವೈಫೈ ಮಾತ್ರ ಕೊಡುವ ಹಾಗೆ) ಹಾಕಿದ ಮೇಲೆ ಸರಿಯಾಯ್ತು. ಮತ್ತೆ ನಿಮ್ಮ 11 ಈ ವೈಫೈಯನ್ನು "ಪಬ್ಲಿಕ್" ಅಂತ ಹಿಡಿದಿದೆಯಾ ನೋಡಿ, ಪ್ರೈವೇಟ್ ಮಾಡಿ. ಗೆಸ್ಟ್ ವೈಫೈಗೆ ಸೇರಿದ್ದರಂತೂ ಏನು ಮಾಡಿದ್ರೂ ಆಗ್ಲಿಕ್ಕಿಲ್ಲ.

ಧಾರವಾಡದಿಂದ

7 ಕೈಕೊಟ್ಟರ ಹಳೇ ಪೆಟ್ಟಿಗಿಗೆ ಲಿನಕ್ಸ್ ಹಾಕಿ ಸಾಂಬಾ (ಲಿನಕ್ಸಿನಿಂದ ವಿಂಡೋಸ್ ಜೋಡಿ ಫೈಲ್ ಹಂಚೋ ಸಾಫ್ಟ್‌ವೇರ್) ಓಡಿಸ್ರಿ. 2019ರ 4.11 ಆವೃತ್ತಿಯಿಂದ ಸಾಂಬಾನೂ ಎಸ್‌ಎಂಬಿ1 ಮುಚ್ಚೇತಿ, ಕನಿಷ್ಠ ಪ್ರೊಟೊಕಾಲ್ ಎನ್‌ಟಿ1 (ಸಾಂಬಾದಾಗ ಎಸ್‌ಎಂಬಿ1ರ ಹೆಸರು) ಅಂತ ನೀವಾ ಬರೀಬೇಕು. ಅಷ್ಟು ಮಾಡಿದ ಮ್ಯಾಲೂ ಎಕ್ಸ್‌ಪಿ ಪಾಸ್‌ವರ್ಡ್ ಒಪ್ಪಲಿಲ್ಲಂದ್ರ ಅದು ಹಳೇ ಎನ್‌ಟಿಎಲ್‌ಎಂ (ಪಾಸ್‌ವರ್ಡ್ ತಾಳೆ ನೋಡೋ ಪದ್ಧತಿ) ಜಗಳ, ಅದಕ್ಕೂ ಒಂದು ಸಾಲು ಬೇಕು.

ಮೈಸೂರಿನಿಂದ, ಪ್ರೆಸ್ಸಿನವನು

ದಾರಿ ಮಾಡಿಕೊಂಡ ಮೇಲೆ ನಾನು ಮಾಡಿದ ತಪ್ಪು ಮಾಡಬೇಡಿ. ಪೇಜ್‌ಮೇಕರ್ ಫೈಲನ್ನು ನೆಟ್‌ವರ್ಕ್ ಡ್ರೈವಿನಿಂದಲೇ ತೆರೆದು ಕೆಲಸ ಮಾಡ್ತಿದ್ದೆ. ಕೆಲಸ ನಡೀತಿರುವಾಗಲೇ ಅದು ಫೈಲಿಗೆ ಬರೀತಾ ಇರುತ್ತೆ. ಕರೆಂಟು ಹೋಯ್ತು, ರೂಟರಿಗೆ ಯುಪಿಎಸ್ ಇರಲಿಲ್ಲ, ನೂರಿಪ್ಪತ್ತು ಪುಟದ ಸ್ಮರಣ ಸಂಚಿಕೆ ಆಮೇಲೆ ತೆರೆಯಲೇ ಇಲ್ಲ. ಅದನ್ನು ಮತ್ತೆ ಟೈಪ್ ಮಾಡಿದ್ದು ನನ್ನ ಹೆಂಡತಿ, ಈಗಲೂ ನೆನಪಿಸ್ತಾಳೆ. ಕೆಲಸದ ಫೈಲ್ ಎಕ್ಸ್‌ಪಿಯ ಡಿಸ್ಕಿನಲ್ಲೇ ಇರಲಿ, ಮುಗಿದದ್ದು ಮಾತ್ರ ಆಚೆ ಹೋಗಲಿ. ಬ್ಯಾಕಪ್‌ಗೆ ಕಳಿಸುವಾಗ ಸೇವ್ ಆಸ್‌ನಲ್ಲಿ "ಆಲ್ ಲಿಂಕ್ಡ್ ಫೈಲ್ಸ್" ಆರಿಸಿ, ಇಲ್ಲದಿದ್ದರೆ ಗಣಪತಿ ಚಿತ್ರ ಹಿಂದೆಯೇ ಉಳಿಯುತ್ತೆ.

ಇನ್ನೊಂದು. ಎಕ್ಸ್‌ಪಿಯ ಗಡಿಯಾರ ದಿನಾ ಹಿಂದಕ್ಕೆ ಹೋಗ್ತಿದ್ದರೆ ಮದರ್‌ಬೋರ್ಡಿನ ಸಿಆರ್2032 ಸೆಲ್ ಬದಲಿಸಿ. ನಿನ್ನೆ ತಿದ್ದಿದ ಫೈಲಿಗೆ 2002ರ ತಾರೀಕು ಬಿದ್ದು, "ಹೊಸದನ್ನು ಮಾತ್ರ ಕಾಪಿ ಮಾಡು" ಅಂದಾಗ ತಿದ್ದಿದ ಫೈಲೇ ಬಿಟ್ಟುಹೋಗಿ, ತಪ್ಪು ಪ್ರೂಫ್ ಅಚ್ಚಿಗೆ ಹೋಗಿದೆ ನಮ್ಮಲ್ಲಿ.

ಮತ್ತೆ ದಾವಣಗೆರೆಯಿಂದ

ಎಲ್ಲರಿಗೂ ಧನ್ಯವಾದ. ಭಾನುವಾರ ಕೂತು ಮಾಡಿದೆ. ಉಡುಪಿಯವರು ಹೇಳಿದ್ದೇ ಮೊದಲ ತೊಂದರೆ, ಮಹಡಿಯ ರೂಟರ್ ವ್ಯಾನ್‌ಗೇ ಚುಚ್ಚಿತ್ತು. ಎರಡನೆಯದು 7ರ ಖಾಲಿ ಪಾಸ್‌ವರ್ಡ್. ಎರಡೂ ಸರಿಯಾದ ಮೇಲೆ ಅಪ್ಪ ಹಾಕಿದ ಪಿಡಿಎಫ್ ಮೇಲೆ ಬಂತು. 11ರಲ್ಲಿ ಟಿಕ್ ಹಾಕಲಿಲ್ಲ.

ಒಂದು ಉಳಿದಿದೆ. ಪಿಡಿಎಫ್ ಚೆನ್ನಾಗಿ ಕಾಣುತ್ತೆ, ಆದರೆ ಅಪ್ಪನ ವರ್ಡ್ ಫೈಲ್ ನನ್ನಲ್ಲಿ ತೆರೆದರೆ ಕನ್ನಡದ ಬದಲು ತಲೆ ಮೇಲೆ ಚುಕ್ಕೆ, ಗೆರೆ ಹೊತ್ತ ಇಂಗ್ಲಿಷ್ ಅಕ್ಷರ. ಕಾಪಿ ಆಗುವಾಗ ಕೆಟ್ಟಿತಾ?

ಮೈಸೂರಿನಿಂದ

ಕೆಟ್ಟಿಲ್ಲ. ಅದು ಯೂನಿಕೋಡ್‌ಗಿಂತ ಹಿಂದಿನ ನುಡಿ ಅಕ್ಷರ, ಇಂಗ್ಲಿಷ್ ಅಕ್ಷರಗಳ ಜಾಗದಲ್ಲಿ ಕನ್ನಡದ ಆಕಾರ ಕೂರಿಸಿರುತ್ತಾರೆ. ಪಿಡಿಎಫ್ ತನ್ನ ಫಾಂಟನ್ನು ಒಳಗೇ ಹೊತ್ತು ತರುತ್ತೆ, ವರ್ಡ್ ಫೈಲ್ ತರಲ್ಲ. ಎಕ್ಸ್‌ಪಿಯ ಫಾಂಟ್ಸ್ ಫೋಲ್ಡರಿನಿಂದ ನುಡಿ 01 ಇ ಕಾಪಿ ಮಾಡಿ ನಿಮ್ಮದರಲ್ಲಿ ಹಾಕಿ, ಓದಲು ಬರುತ್ತೆ. ವಾಟ್ಸಾಪಿಗೆ ಅಕ್ಷರವಾಗಿಯೇ ಅಂಟಿಸಬೇಕಿದ್ದರೆ ಮಾತ್ರ ಯೂನಿಕೋಡ್‌ಗೆ ಬದಲಿಸಬೇಕು. ಬದಲಿಸಿದ ಮೇಲೆ ಒತ್ತಕ್ಷರ, ಅರ್ಕಾವತ್ತು ಒಮ್ಮೆ ಓದಿ ನೋಡಿ. "ದಿ||" ಸಹ.